ಸೈಬೀರಿಯದ ನೆಲಮಾಳಿಗೆಯಲ್ಲಿ ಹಸಿರು ಉಸಿರು

ಮಾಸ್ಕೋದಿಂದ ಪೂರ್ವಕ್ಕೆ ಹೊರಟ ರೈಲು ಸುಮಾರು 4,100 ಕಿಲೋಮೀಟರ್ ಕ್ರಮಿಸಿದ ಮೇಲೆ ಯೆನಿಸಿ ನದಿಯ ದಡದ ಕ್ರಾಸ್ನೊಯಾರ್ಸ್ಕ್ ನಗರವನ್ನು ತಲುಪುತ್ತದೆ. ಸೈಬೀರಿಯದ ಕಡುಚಳಿಯಲ್ಲೂ ಇಲ್ಲಿ ನದಿ ಹೆಪ್ಪುಗಟ್ಟುವುದಿಲ್ಲ. ಮೇಲ್ಭಾಗದ ಅಣೆಕಟ್ಟಿನ ಆಳದಿಂದ ಬರುವ ನೀರು ಹರಿಯುತ್ತಲೇ ಇರುತ್ತದೆ. ಅದರಿಂದ ಬಿಳಿಯ ಮಂಜು ಏಳುತ್ತದೆ.

ನಗರದ ಅಂಚಿನ ಎತ್ತರದ ದಡದಲ್ಲಿ, ಮರಗಳ ನಡುವೆ, ಅಕಾಡೆಮ್‌ಗೊರೊದೋಕ್ ಎಂಬ ವಿಜ್ಞಾನಿಗಳ ಬಡಾವಣೆಯಿದೆ. ಅಲ್ಲಿನ ಜೀವಭೌತ ವಿಜ್ಞಾನ ಸಂಸ್ಥೆಯ ನೆಲಮಾಳಿಗೆಯಲ್ಲಿ 1972ರಲ್ಲಿ ಒಂದು ಉಕ್ಕಿನ ಮನೆ ಸಿದ್ಧವಾಯಿತು. ಹೆಸರು ಬಯೋಸ್-3. ನಾಲ್ಕು ವಿಭಾಗ, 315 ಘನ ಮೀಟರ್ ಜಾಗ. ಬಾಗಿಲು ಮುಚ್ಚಿದರೆ ಹೊರಗಿನ ಗಾಳಿಗೆ ಪ್ರವೇಶವಿಲ್ಲ.

ಪಾಚಿಯ ಎಣ್ಣೆಯಿಂದ ವಾಹನ ಓಡಿಸಬಹುದು ಎಂದು ಓದಿದ ಮಕ್ಕಳು, ಅದರಿಂದ ಗಗನನೌಕೆಯೂ ಓಡೀತೇ ಎಂದು ಕೇಳುವುದುಂಟು. ಎಣ್ಣೆ ಉರಿಯಲು ಆಮ್ಲಜನಕ ಬೇಕು, ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ. ನೌಕೆಯೊಳಗೇ ಪಾಚಿ ಬೆಳೆಸಿ ಎಣ್ಣೆ ತೆಗೆದು ಸುಟ್ಟರೆ, ಆ ಎಣ್ಣೆ ಕಟ್ಟುವಾಗ ಪಾಚಿ ಬಿಟ್ಟ ಆಮ್ಲಜನಕವೆಲ್ಲ ಅದನ್ನು ಉರಿಸುವುದಕ್ಕೇ ಖರ್ಚು! ಕ್ರಾಸ್ನೊಯಾರ್ಸ್ಕ್‌ನ ವಿಜ್ಞಾನಿಗಳು ಬೇರೊಂದು ಪ್ರಶ್ನೆ ಕೇಳಿದರು: ಯಂತ್ರವನ್ನಲ್ಲ, ಯಾತ್ರಿಕನ ಉಸಿರನ್ನು ಪಾಚಿ ನಡೆಸಬಲ್ಲದೇ?

ಕ್ಲೋರೆಲ್ಲಾ ಎಂಬ ಏಕಕೋಶ ಪಾಚಿಯನ್ನು ನೀರಿನಲ್ಲಿ ಬೆಳೆಸಿ, ಕ್ಸೆನಾನ್ ದೀಪಗಳ ಬೆಳಕು ಹಾಯಿಸಲಾಯಿತು. ಮನುಷ್ಯ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಪಾಚಿ ಹೀರಿತು. ಪಾಚಿ ಬಿಟ್ಟ ಆಮ್ಲಜನಕವನ್ನು ಮನುಷ್ಯ ಸೇವಿಸಿದ. ಒಬ್ಬನ ಉಸಿರಿಗೆ ಸುಮಾರು 8 ಚದರ ಮೀಟರ್ ಪಾಚಿ ಸಾಕಾಯಿತು. ಆದರೆ ಗಡಸು ಕೋಶಭಿತ್ತಿಯ ಪಾಚಿ ಊಟಕ್ಕೆ ಒಗ್ಗಲಿಲ್ಲ. ಹಾಗಾಗಿ ಗೋಧಿ, ತರಕಾರಿಗಳ ಜೊತೆಗೆ, ಎಣ್ಣೆಯಂಶದ ಪುಟ್ಟ ಗೆಡ್ಡೆ ಬಿಡುವ ಚುಫಾ ಎಂಬ ಜೇಕಿನ ಜಾತಿಯ ಹುಲ್ಲನ್ನೂ ಬೆಳೆದರು.

1972-73ರಲ್ಲಿ ಮೂವರ ತಂಡದ ಪ್ರಯೋಗ 180 ದಿನ ನಡೆಯಿತು. ಬಿತ್ತುವುದು, ಕೊಯ್ಯುವುದು, ಹಿಟ್ಟು ಬೀಸುವುದು, ರೊಟ್ಟಿ ಸುಡುವುದು ಎಲ್ಲ ಒಳಗಿನವರದೇ ಕೆಲಸ. ಬೆಳೆ ಸೊರಗಿದರೆ ಊಟಕ್ಕೆ ಮಾತ್ರವಲ್ಲ, ಉಸಿರಿಗೂ ಕುತ್ತು. ಉಸಿರಾಡುವ ಗಾಳಿಯೆಲ್ಲ ಒಳಗೇ ಶುದ್ಧವಾಯಿತು. ನೀರಿನ ಬಹುಭಾಗವೂ ಮರುಬಳಕೆಯಾಯಿತು. ಆದರೆ ಮಾಂಸಾಹಾರ ಹೊರಗಿನಿಂದ ಬಂದದ್ದು. ದೀಪಗಳಿಗೆ ವಿದ್ಯುತ್ತೂ ಹೊರಗಿನದೇ. ಮಂಗಳ ಗ್ರಹದ ಹಾದಿಯಲ್ಲಿ ಇಂಥ ತಂತಿ ಎಳೆದುಕೊಡುವವರಾರು? ಈ ಒಗಟು ಇಂದಿಗೂ ಪೂರ್ತಿ ಬಿಡಿಸಿಲ್ಲ.

ನಮ್ಮ ಬಾವಿಕಟ್ಟೆಯಲ್ಲಿ ಕಾಲು ಜಾರಿಸುವ ಪಾಚಿಯನ್ನು ತಿಕ್ಕಿ ತೆಗೆಯುತ್ತೇವೆ. ಅದರ ಕಡಲಿನ ಬಂಧುಗಳಾದ ಸೂಕ್ಷ್ಮ ಸಸ್ಯಜೀವಿಗಳು ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧಪಾಲನ್ನು ಒದಗಿಸುತ್ತವೆ. ಕ್ರಾಸ್ನೊಯಾರ್ಸ್ಕ್‌ನ ಉಕ್ಕಿನ ಮನೆ ದೊಡ್ಡದೊಂದು ಮನೆಯ ಪುಟ್ಟ ನಕಲು, ಅಷ್ಟೆ. ಆ ದೊಡ್ಡ ಮನೆಗೆ ದೀಪ ಮಾತ್ರ ಸೂರ್ಯನದು.