ಕಿವಿಯಿಂದ ಕಲಿಯುವವರಿಗಾಗಿ

ಮನೆಯ ಕಂಪ್ಯೂಟರಿನಲ್ಲಿ ಯಾರದಾದರೂ ಧ್ವನಿಯನ್ನು ರೆಕಾರ್ಡ್ ಮಾಡಿಡಬೇಕೆಂದು ನಿಮಗೂ ಎಂದಾದರೂ ಅನಿಸಿರಬಹುದು. ಮಗನ ಕುರ್‌ಆನ್ ಪಾರಾಯಣ, ವಯಸ್ಸಾದ ಉಮ್ಮ ಹೇಳುವ ಹಳೆಯ ಕಥೆಗಳು, ಮಕ್ಕಳಿಗೊಂದು ಪಾಠ. ಅದಕ್ಕಾಗಿ ಮೈಕ್ ಕೊಳ್ಳಲು ಅಂಗಡಿಗೆ ಹೊರಡುವ ಮೊದಲು ನನ್ನ ಒಂದು ತಪ್ಪಿನ ಕಥೆಯನ್ನು ಕೇಳಿಬಿಡಿ. ತಪ್ಪು ನನ್ನದು, ಅದರ ಬೆಲೆ ತೆತ್ತವಳು ಹನ್ನೊಂದು ವರ್ಷದ ಹುಡುಗಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲ ಮದ್ರಸಗಳಂತೆ ನಮ್ಮ ಮದ್ರಸಕ್ಕೂ ಬೀಗ ಬಿತ್ತು. ನನ್ನ ತರಗತಿಯಲ್ಲಿ ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಹುಡುಗಿಯೊಬ್ಬಳಿದ್ದಳು. ಬ್ರೈಲ್ ಪುಸ್ತಕಗಳು ನಮ್ಮಲ್ಲಿರಲಿಲ್ಲ. ಅವಳು ಕಲಿತದ್ದೆಲ್ಲವೂ ನನ್ನ ಬಾಯಿಂದ ಅವಳ ಕಿವಿಗೆ ಹೋದದ್ದೇ. ಅವಳ ಪಾಠ ನಿಲ್ಲಬಾರದೆಂದು ನನ್ನ ಹಳೆಯ ಫೋನಿನಲ್ಲೇ ಓದಿ ರೆಕಾರ್ಡ್ ಮಾಡಿ ಕಳುಹಿಸತೊಡಗಿದೆ. ಅವಳ ತಂದೆ ಅದನ್ನು ಒಂದು ಸಣ್ಣ ಪ್ಲೇಯರಿಗೆ ಹಾಕಿ ಕೊಡುತ್ತಿದ್ದರು. ಅವಳು ದಿನವಿಡೀ ಕೇಳುತ್ತಾಳೆ ಎಂದು ತಿಳಿದಾಗ ನನಗೆ ಸಂತೋಷವಾಗುತ್ತಿತ್ತು. ನನ್ನ ಕರ್ತವ್ಯ ಮುಗಿಯಿತು ಎಂದೇ ಭಾವಿಸಿದ್ದೆ.

ತಿಂಗಳುಗಳ ಬಳಿಕ ಮದ್ರಸ ತೆರೆಯಿತು. ಅವಳು ಕಲಿತದ್ದನ್ನು ಒಪ್ಪಿಸಿದಳು. ಒಂದು ಪದವೂ ಮರೆತಿರಲಿಲ್ಲ. ಆದರೆ ಸಾ, ಸೀನ್, ಸ್ವಾದ್ ಮೂರೂ ಅಕ್ಷರಗಳು ಅವಳ ನಾಲಗೆಯಲ್ಲಿ ಒಂದೇ ಆಗಿದ್ದವು. ತಿದ್ದಿದೆ. ಮತ್ತೆ ಅದೇ. ಮೂರನೆಯ ಸಲ ನನ್ನ ಸ್ವರ ಸ್ವಲ್ಪ ಏರಿತು. ಆಗ ಅವಳು ತಲೆ ತಗ್ಗಿಸಿ, “ಉಸ್ತಾದ್, ನೀವು ಕಳಿಸಿದ್ದರಲ್ಲಿ ಹೀಗೆಯೇ ಇದೆ” ಎಂದಳು.

ಎದುರುತ್ತರ ಕೊಟ್ಟಳೆಂದು ಒಂದು ಕ್ಷಣ ಸಿಟ್ಟು ಬಂತು. ಆ ರಾತ್ರಿ ಇಶಾ ನಮಾಝಿನ ಬಳಿಕ ನನ್ನದೇ ಪಾಠಗಳನ್ನು ಹಾಕಿ ಕೇಳಿದೆ. ಅವಳು ಹೇಳಿದ್ದು ನಿಜವಾಗಿತ್ತು. ಓದಿದವನಾದ ನನಗೇ ಅಲ್ಲಿ ಯಾವುದು ಸಾ, ಯಾವುದು ಸೀನ್ ಎಂದು ಕೇವಲ ಕಿವಿಯಿಂದ ಹೇಳಲಾಗಲಿಲ್ಲ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡಿ. ಕನ್ನಡದಲ್ಲಿ ‘ಇಸ್ಮ್’ ಎಂದು ಒಂದೇ ರೀತಿಯಾಗಿ ಬರೆಯುವ ಎರಡು ಪದಗಳು ಅರಬಿಯಲ್ಲಿವೆ. ಸೀನ್‌ನಿಂದ ಬರೆದರೆ ಅದರ ಅರ್ಥ ಹೆಸರು. ಸಾ ಅಕ್ಷರದಿಂದ ಬರೆದರೆ ಅದರ ಅರ್ಥ ಪಾಪ. ನಾಲಗೆಯ ತುದಿ ಮೇಲಿನ ಮುಂಬಲ್ಲುಗಳ ಅಂಚಿಗೆ ತಾಗುತ್ತದೆಯೋ ಇಲ್ಲವೋ ಎಂಬಷ್ಟರಲ್ಲಿ ಹೆಸರು ಪಾಪವಾಗುತ್ತದೆ, ಪಾಪ ಹೆಸರಾಗುತ್ತದೆ. ಕಣ್ಣಿರುವ ಮಗು ಪುಸ್ತಕ ನೋಡಿ ತಿದ್ದಿಕೊಳ್ಳುತ್ತದೆ. ಈ ಹುಡುಗಿಗೆ ನನ್ನ ರೆಕಾರ್ಡಿಂಗೇ ಪುಸ್ತಕ. ಆ ಪುಸ್ತಕವನ್ನು ನಾನು ಅಚ್ಚಿನ ತಪ್ಪುಗಳೊಂದಿಗೆ ಕೊಟ್ಟಿದ್ದೆ.

ಕಾರಣವೇನೆಂದು ಹುಡುಕತೊಡಗಿದೆ. ಬಿ.ಎ. ಓದಿದ ನನಗೆ ಈ ವಿದ್ಯೆ ಹೊಸದು. ಇಂಜಿನಿಯರಿಂಗ್ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ವಿವರಿಸಿದ. ನನ್ನ ಫೋನು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆದು ಬರೆದಿಡುವಂಥದ್ದು. ಹಾಗೆ ಅಳೆದಾಗ ಅದರ ಅರ್ಧ, ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳು ಉಳಿಯುವುದಿಲ್ಲ. ಸೀನ್ ಅಕ್ಷರದ ಸೀಟಿಯಂಥ ಸದ್ದಿನ ಬಹುಪಾಲು ಇರುವುದು ಅದಕ್ಕಿಂತ ಮೇಲೆಯೇ. ಸಾ ಅಕ್ಷರವಂತೂ ಬರೀ ಉಸಿರಿನಷ್ಟು ಮೆಲ್ಲನೆಯದು. ಹೊರಗಿನ ಗದ್ದಲ ತೆಗೆಯಲು ನಾನು ಬಳಸಿದ್ದ ಇನ್ನೊಂದು ಆ್ಯಪ್ ಆ ಉಸಿರನ್ನೂ ಗದ್ದಲವೆಂದು ತಿಳಿದು ಒರೆಸಿ ಹಾಕಿತ್ತು.

ಸರಿ, ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡೋಣವೆಂದು ನಿರ್ಧರಿಸಿದೆ. ನಮ್ಮಲ್ಲಿದ್ದುದು ಯಾವುದೋ ಕಚೇರಿಯವರು ಬದಲಾಯಿಸಿ ಕೊಟ್ಟ ಹಳೆಯ ಕಂಪ್ಯೂಟರ್. ಅದರಲ್ಲಿದ್ದುದು ಹಣ ಕೊಡದೆ ನಕಲು ಮಾಡಿ ಹಾಕಿದ ವಿಂಡೋಸ್. ಇನ್ನೊಬ್ಬರ ಹಕ್ಕನ್ನು ಕದ್ದು ಅದರ ಮೇಲೆ ಕುರ್‌ಆನ್ ಪಾಠ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಅದೇ ಹುಡುಗ ಬಂದು ಅದನ್ನು ತೆಗೆದು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಇದು ಉಚಿತ, ನಕಲು ಮಾಡಿ ಹಂಚಲು ಅದರ ತಯಾರಕರೇ ಅನುಮತಿ ಕೊಟ್ಟಿದ್ದಾರೆ. ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ತಂತ್ರಾಂಶವೂ ಹಾಗೆಯೇ ಉಚಿತ. ಅದು 2000ನೇ ಇಸವಿಯಿಂದ ಬಳಕೆಯಲ್ಲಿದೆ.

ಮೈಕ್‌ಗಾಗಿ ಮದ್ರಸ ಸಮಿತಿ 8,000 ರೂಪಾಯಿ ಕೊಟ್ಟಿತು. ಅದು ಊರವರ ಹಣ, ಅಮಾನತ್ತು. ನಾನು ಅದರಲ್ಲಿ 2,150 ರೂಪಾಯಿಯನ್ನು ಹತ್ತು ದಿನಗಳಲ್ಲಿ ಕಳೆದೆ.

ಮೊದಲು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ತಂದೆ. ಅದರ ಪಿನ್ ಫೋನಿಗಾಗಿ ಮಾಡಿದ್ದು. ಅಂಥ ಪಿನ್ನಿನ ಲೋಹದ ಭಾಗದಲ್ಲಿ ಮೂರು ಕಪ್ಪು ಪಟ್ಟಿಗಳಿರುತ್ತವೆ. ಕಂಪ್ಯೂಟರಿನ ಗುಲಾಬಿ ಬಣ್ಣದ ರಂಧ್ರ ಬೇರೆ ಜೋಡಣೆಯದು. ಸಿಕ್ಕಿಸಿದರೆ ಸದ್ದೇ ಇಲ್ಲ. ನಡುವೆ ಹಾಕಲು ಒಂದು ತುಂಡು ವೈರು ತಂದೆ. ಸದ್ದು ಬಂತು, ಜೊತೆಗೆ ಕಂಪ್ಯೂಟರಿನ ಒಳಗಿನ ಗುಂಯ್‌ಗುಟ್ಟುವಿಕೆಯೂ ಬಂತು. ಆಮೇಲೆ ಯಾರೋ ಬಳಸಿ ಬಿಟ್ಟ ಒಂದು ರೆಕಾರ್ಡಿಂಗ್ ಪೆಟ್ಟಿಗೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡೆ. ಅದು ತನ್ನದೇ ಕಂಪನಿಯ ಡ್ರೈವರ್ ಇಲ್ಲದೆ ಬಾಯಿ ಬಿಡುವಂಥದ್ದಲ್ಲ, ಆ ಡ್ರೈವರ್ ಇದ್ದುದು ವಿಂಡೋಸಿಗೆ ಮಾತ್ರ. ಮಾರಿದವನ ತಪ್ಪಲ್ಲ, ಕೇಳದೆ ಕೊಂಡ ನನ್ನದು. ಆ ಹಣವನ್ನು ನನ್ನ ಸಂಬಳದಿಂದ ಸಮಿತಿಗೆ ತುಂಬಿದೆ. ನಂತರ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ, ನಿಮ್ಮ ಹಣವಾದರೂ ಉಳಿಯಲಿ.

ಮೊದಲನೆಯದಾಗಿ, ಲಿನಕ್ಸ್ ಕಂಪ್ಯೂಟರಿಗೆ ಕೊಳ್ಳುವಾಗ ‘ಕ್ಲಾಸ್ ಕಂಪ್ಲಯಂಟ್’ ಎಂಬ ಮಾತನ್ನು ನೆನಪಿಡಿ. ಯುಎಸ್‌ಬಿ ಮೂಲಕ ಧ್ವನಿ ಸಾಗಿಸಲು ಎಲ್ಲರಿಗೂ ಸಮಾನವಾದ ಒಂದು ನಿಯಮವಿದೆ. ಅದನ್ನು ಪಾಲಿಸುವ ಉಪಕರಣಕ್ಕೆ ಬೇರೆ ಡ್ರೈವರ್ ಬೇಡ. ಲಿನಕ್ಸ್‌ನಲ್ಲಿ ಧ್ವನಿಯನ್ನು ನೋಡಿಕೊಳ್ಳುವ ಅಲ್ಸಾ ಎಂಬ ಭಾಗ 2003ರ ಕೊನೆಯಲ್ಲಿ ಬಂದ 2.6ನೇ ಆವೃತ್ತಿಯಿಂದ ಅದರೊಳಗೇ ಇದೆ. ಇಂಥ ಉಪಕರಣವನ್ನು ಸಿಕ್ಕಿಸಿದರೆ ಅದು ಸಾಮಾನ್ಯವಾಗಿ ತಾನಾಗಿಯೇ ಗುರುತಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ ಲಿನಕ್ಸ್‌ನ ಹೆಸರು ಹೆಚ್ಚಾಗಿ ಇರುವುದಿಲ್ಲ. ಆದರೆ ಡ್ರೈವರ್ ಹಾಕದೆಯೇ ಐಪ್ಯಾಡಿನಲ್ಲಿ ನಡೆಯುತ್ತದೆ ಎಂದಿದ್ದರೆ ಅದು ಒಳ್ಳೆಯ ಗುರುತು.

ಎರಡನೆಯದಾಗಿ, ಪರೀಕ್ಷಿಸಿ ಕೊಳ್ಳಿರಿ. ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ ಆ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಬಹುದು. ಲ್ಯಾಪ್‌ಟಾಪ್ ಇರುವ ಒಬ್ಬರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಸಿಕ್ಕಿಸಿದ ಉಪಕರಣದ ಹೆಸರು ಸೌಂಡ್ ಸೆಟ್ಟಿಂಗ್‌ನ ಇನ್‌ಪುಟ್ ಪಟ್ಟಿಯಲ್ಲಿ ಬರುತ್ತದೆಯೇ ನೋಡಿ, ಒಂದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಅಂಗಡಿಯವರು ಬೇಸರಿಸಿದರೆ ಇನ್ನೊಂದು ಅಂಗಡಿಯಿದೆ.

ಮೂರನೆಯದಾಗಿ, ನಿಮ್ಮ ಕೋಣೆಯನ್ನು ನೋಡಿ ಮೈಕ್ ಆರಿಸಿ. ಮೈಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕ್ ತುಂಬ ಸೂಕ್ಷ್ಮ. ಸ್ಟುಡಿಯೋಗಳಲ್ಲಿ ಬಳಸುವ ಅಂಥ ಮೈಕ್‌ಗೆ ಹೆಚ್ಚಾಗಿ 48 ವೋಲ್ಟಿನ ವಿದ್ಯುತ್ತನ್ನೂ ಕೊಡಬೇಕು. ಡೈನಮಿಕ್ ಮೈಕ್‌ಗೆ ಅದು ಬೇಡ. ಬಾಯಿಯ ಹತ್ತಿರವಿದ್ದರೆ ಚೆನ್ನಾಗಿ ಕೇಳುತ್ತದೆ, ದೂರದ ಸದ್ದನ್ನು ಕಡಿಮೆ ಹಿಡಿಯುತ್ತದೆ. ಸ್ಟುಡಿಯೋದಂಥ ಕೋಣೆಯಿದ್ದರೆ ಕಂಡೆನ್ಸರ್ ಒಳ್ಳೆಯದು. ಆದರೆ ನಮ್ಮ ಮನೆಯಲ್ಲಿ ಹಂಚಿನ ಮಾಡು, ಪಕ್ಕದಲ್ಲಿ ರಸ್ತೆ, ಹಿತ್ತಲಲ್ಲಿ ಕೋಳಿ.

ಇಲ್ಲಿ ನಾನು ಒಂದು ಜಾಣತನ ಮಾಡಿದೆ. ನನ್ನ ಕಿವಿಯನ್ನು ನಂಬಲಿಲ್ಲ. ಪರಿಚಯದ ಅಂಗಡಿಯವರಿಂದ ಒಂದು ದಿನದ ಮಟ್ಟಿಗೆ ಎರಡು ಮೈಕ್ ಕೇಳಿ ತಂದೆ. ದುಬಾರಿಯ ಕಂಡೆನ್ಸರ್ ಒಂದು, ಅದರ ಅರ್ಧಕ್ಕಿಂತ ಕಡಿಮೆ ಬೆಲೆಯ ಡೈನಮಿಕ್ ಇನ್ನೊಂದು. ಎರಡರಲ್ಲೂ ಅದೇ ಪದಗಳನ್ನು ಓದಿ, ಯಾವುದು ಯಾವುದೆಂದು ಹೇಳದೆ ಆ ಹುಡುಗಿಗೆ ಕೇಳಿಸಿದೆ. ಮೊದಲನೆಯದನ್ನು ಕೇಳಿ, “ಇದರಲ್ಲಿ ಗೋಡೆ ಕೇಳಿಸುತ್ತದೆ, ಉಸ್ತಾದ್” ಎಂದಳು. ಎರಡನೆಯದನ್ನು ಎರಡು ಸಲ ಹಾಕಿಸಿ ಕೇಳಿ ನಕ್ಕಳು. “ಇದರಲ್ಲಿ ನಿಮ್ಮ ಹಲ್ಲು ಕೇಳಿಸುತ್ತದೆ.”

ನಾಲಗೆ ಹಲ್ಲಿಗೆ ತಾಗುವುದು ಕೇಳಿಸಬೇಕಾದದ್ದೇ. ಅಗ್ಗದ್ದೇ ಗೆದ್ದಿತು. ಅದನ್ನು ಕಂಪ್ಯೂಟರಿಗೆ ಜೋಡಿಸಲು ಬೆರಿಂಜರ್ ಕಂಪನಿಯ ಯುಎಂ2 ಎಂಬ ಅಂಗೈಯಗಲದ ಪೆಟ್ಟಿಗೆ ಕೊಂಡೆ. ದಪ್ಪ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರು ಒಂದು ಬದಿಗೆ, ಯುಎಸ್‌ಬಿ ಇನ್ನೊಂದು ಬದಿಗೆ. ಇದು ಸೆಕೆಂಡಿಗೆ 48,000 ಸಲದವರೆಗೆ ಅಳೆಯುತ್ತದೆ. ನನ್ನ ಹಳೆಯ ಫೋನಿನ ಆರು ಪಟ್ಟು. ಲಿನಕ್ಸ್‌ನಲ್ಲಿ ಸಿಕ್ಕಿಸಿದ ಕೂಡಲೇ ಹೆಸರು ಕಾಣಿಸಿತು. ಮೈಕ್, ಪೆಟ್ಟಿಗೆ, ವೈರು, ಸಣ್ಣ ಸ್ಟ್ಯಾಂಡ್ ಎಲ್ಲ ಸೇರಿ ಸಮಿತಿಯ ಹಣದೊಳಗೇ ಮುಗಿಯಿತು. ಇನ್ನೂ ಸ್ವಲ್ಪ ಹಣವಿದ್ದವರು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ನೋಡಬಹುದು. ಪೆಟ್ಟಿಗೆಯೇ ಬೇಡ ಎನ್ನುವವರಿಗೆ ಸ್ಯಾಮ್ಸನ್ ಕ್ಯೂ2ಯು ಎಂಬ ಡೈನಮಿಕ್ ಮೈಕ್ ಇದೆ, ಅದು ನೇರವಾಗಿ ಯುಎಸ್‌ಬಿಗೆ ಸಿಕ್ಕುತ್ತದೆ. ಬೆಲೆಗಳು ಬದಲಾಗುತ್ತಲೇ ಇರುತ್ತವೆ, ವಿಚಾರಿಸಿಯೇ ಕೊಳ್ಳಿ.

ನಾಲ್ಕನೆಯದು ಹಣವಿಲ್ಲದೆ ಆಗುವ ಕೆಲಸ, ಆದರೆ ಎಲ್ಲಕ್ಕಿಂತ ಮುಖ್ಯ. ಬರಿಯ ಗೋಡೆಗಳಿರುವ ಕೋಣೆಯಲ್ಲಿ ಧ್ವನಿ ಗೋಡೆಗೆ ಬಡಿದು ಹಿಂತಿರುಗುತ್ತದೆ. ಹುಡುಗಿಗೆ ಕೇಳಿಸಿದ ಗೋಡೆ ಅದುವೇ. ನನ್ನ ಪತ್ನಿ ಬಟ್ಟೆಯ ಕಪಾಟಿನ ಬಾಗಿಲು ತೆರೆದಿಟ್ಟು, ಎದುರಿಗೆ ಹಗ್ಗ ಕಟ್ಟಿ ಎರಡು ದಪ್ಪ ಹೊದಿಕೆ ನೇತು ಹಾಕಿದಳು. ಅಷ್ಟಕ್ಕೇ ಗೋಡೆ ಮಾಯವಾಯಿತು. ಫ್ಯಾನ್ ನಿಲ್ಲಿಸಿ, ರಾತ್ರಿ ರಸ್ತೆ ಮಲಗಿದ ಮೇಲೆ ರೆಕಾರ್ಡ್ ಮಾಡುತ್ತೇನೆ. ಮೈಕನ್ನು ಬಾಯಿಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ, ಉಸಿರು ನೇರವಾಗಿ ಬಡಿಯದಂತೆ ತುಸು ಓರೆಯಾಗಿ ಇಡುತ್ತೇನೆ. ಆಡಾಸಿಟಿಯಲ್ಲಿ ಧ್ವನಿಯ ಪಟ್ಟಿ ಮೈನಸ್ 12ರ ಆಸುಪಾಸಿನಲ್ಲಿ ಆಡುತ್ತಿದ್ದರೆ ಸಾಕು. ಅದು ತುದಿಗೆ ಮುಟ್ಟಿ ಕೆಂಪಾದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಗದ್ದಲ ತೆಗೆಯುವ ಸೌಲಭ್ಯವನ್ನು ನಾನು ಮುಟ್ಟುವುದೇ ಇಲ್ಲ. ಕೋಳಿ ಕೂಗಿದರೆ ಆ ವಾಕ್ಯವನ್ನು ಮತ್ತೆ ಓದುತ್ತೇನೆ. ಮೂಲವನ್ನು ಫ್ಲ್ಯಾಕ್ ಎಂಬ ರೂಪದಲ್ಲಿ ಉಳಿಸುತ್ತೇನೆ. ಅದು ಧ್ವನಿಯಲ್ಲಿ ಏನನ್ನೂ ಕಳೆಯದೆ ಕಡತವನ್ನು ಚಿಕ್ಕದಾಗಿಸುತ್ತದೆ. ಕಳುಹಿಸಲು ಮಾತ್ರ ಎಂಪಿ3 ಮಾಡುತ್ತೇನೆ, ಅದೂ 128ಕ್ಕಿಂತ ಕೆಳಗಿಳಿಸುವುದಿಲ್ಲ.

ಕುರ್‌ಆನ್ ನಮ್ಮ ತನಕ ಬರಹದಲ್ಲಿ ಮಾತ್ರವಲ್ಲ, ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟಿ ಬಂದಿದೆ. ಉಸ್ತಾದರು ಎದುರಿಗೆ ಕುಳಿತು ತಿದ್ದುತ್ತಿದ್ದರು. 1961ರಲ್ಲಿ ಈಜಿಪ್ಟಿನ ಖಾರಿ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಸ್ವರದಲ್ಲಿ ಇಡೀ ಕುರ್‌ಆನ್ ರೆಕಾರ್ಡಿಂಗ್ ರೂಪದಲ್ಲಿ ಹೊರಬಂತು. ಇಂದಿಗೂ ಜನ ಅದನ್ನು ಕೇಳಿ ಕಲಿಯುತ್ತಾರೆ. ನಾವು ಹುಸರಿಯಲ್ಲ. ಆದರೆ ಯಂತ್ರದ ಮುಂದೆ ಕುಳಿತು ಓದಿದವನು ಎದುರಿಗಿರುವುದಿಲ್ಲ, ಕೇಳುವವರ ತಪ್ಪನ್ನು ಆ ಗಳಿಗೆಯಲ್ಲಿ ತಿದ್ದಲಾರ ಎಂಬುದು ನಮಗೂ ಅನ್ವಯಿಸುತ್ತದೆ. ಆದ್ದರಿಂದ ಕಳುಹಿಸುವ ಮೊದಲು ಒಮ್ಮೆ ಕಣ್ಣು ಮುಚ್ಚಿ ಕೇಳುವುದು ನಮ್ಮ ಹೊಣೆ. ಅಂದು ನಾನು ಅಷ್ಟು ಮಾಡಿದ್ದರೆ ಸಾಕಿತ್ತು.

ತಪ್ಪಾಗಿ ಕಲಿತದ್ದನ್ನು ಮರೆಯಲು ಆ ಹುಡುಗಿಗೆ ಐದು ತಿಂಗಳು ಹಿಡಿಯಿತು. ಹೊಸದನ್ನು ಕಲಿಯುವುದಕ್ಕಿಂತ ಅದು ಕಷ್ಟದ ಕೆಲಸ. ಒಮ್ಮೊಮ್ಮೆ ಅಳುತ್ತಿದ್ದಳು. ಹೊಸ ರೆಕಾರ್ಡಿಂಗಿನಲ್ಲಿ ನಾನು ಎರಡು ‘ಇಸ್ಮ್’ಗಳನ್ನು ಒಂದರ ಹಿಂದೊಂದು ನಿಧಾನವಾಗಿ ಓದಿ ಕೊಟ್ಟಿದ್ದೆ. ಒಂದು ದಿನ ಬಂದು ನನ್ನ ಮೇಜಿನ ಪಕ್ಕ ನಿಂತು ಎರಡನ್ನೂ ಹೇಳಿ, ಯಾವುದು ಹೆಸರು, ಯಾವುದು ಪಾಪ ಎಂದು ತಾನೇ ವಿವರಿಸಿದಳು. ನಂತರ ಕೇಳಿದಳು, “ಈಗ ನನ್ನ ಹಲ್ಲು ಕೇಳಿಸಿತೇ ಉಸ್ತಾದ್?”

ಕೇಳಿಸಿತು ಮಗಳೇ, ಅಲ್‌ಹಮ್ದುಲಿಲ್ಲಾಹ್.

ನಿಮ್ಮ ಮನೆಯಲ್ಲಿಯೂ ಉಳಿಸಬೇಕಾದ ಧ್ವನಿಯೊಂದು ಇದ್ದೀತು. ದುಬಾರಿ ಯಂತ್ರಕ್ಕಾಗಿ ಕಾಯಬೇಡಿ, ಸಿಕ್ಕಿದ್ದರಲ್ಲಿ ಮುಗಿಸಿಯೂ ಬಿಡಬೇಡಿ. ಕೇಳುವವರು ಯಾರೆಂದು ಮೊದಲು ಯೋಚಿಸಿ, ಯಂತ್ರವನ್ನು ಆಮೇಲೆ ಆರಿಸಿ. ನಮ್ಮ ಕೈಗೆ ಬಂದ ಅಮಾನತ್ತನ್ನು ಕುಂದಿಲ್ಲದೆ ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.