ಅಪ್ಪಯ್ಯನ ಮೆಟಡೋರ್: ಗುಜರಿಗೋ, ಗ್ಯಾರೇಜಿಗೋ?

ಮರವಂತೆ ನಿಮಗೆ ಗೊತ್ತಿರುತ್ತೆ. ಹೆದ್ದಾರಿಯ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಬೆಂಗಳೂರಿಂದ ಬಂದವರು ಕಾರು ನಿಲ್ಲಿಸಿ, ನಾಲ್ಕು ಸೆಲ್ಫಿ ತಗೊಂಡು ಮುಂದೆ ಹೋಗ್ತಾರೆ. ನಮ್ಮ ಮನೆ ಅಲ್ಲೇ ಸ್ವಲ್ಪ ಒಳಗೆ, ತೆಂಗಿನ ತೋಟದ ನಡುವೆ. ರಾತ್ರಿ ಅಲೆಯ ಸದ್ದು ಜೋಗುಳದ ಹಾಗೆ ಕೇಳುತ್ತೆ ಅಂತ ಗೆಳೆಯರ ಹತ್ರ ಜಂಬ ಕೊಚ್ಚಿಕೊಳ್ತೀನಿ. ಅದೇ ಉಪ್ಪು ಗಾಳಿ ಕಿಟಕಿಯ ಸರಳನ್ನೂ ಬಾವಿಯ ರಾಟೆಯನ್ನೂ ತಿನ್ನುತ್ತೆ ಅನ್ನೋದನ್ನ ಹೇಳಲ್ಲ. ಹನ್ನೊಂದು ವರ್ಷದಿಂದ ಹಿತ್ತಲಲ್ಲಿ ನಿಂತಿರೋ ಅಪ್ಪಯ್ಯನ ಮೆಟಡೋರನ್ನೂ ಅದೇ ತಿಂದಿದ್ದು.

ಏಪ್ರಿಲ್‌ನಲ್ಲಿ ತಂಗಿ ಫೋನ್ ಮಾಡಿದಳು. "ಅಣ್ಣ, ಮಳೆಗಾಲಕ್ಕೆ ಮುಂಚೆ ಎಂತಾರೂ ತೀರ್ಮಾನ ಮಾಡು. ಅದರೊಳಗೆ ಹಾವು ಸೇರ್ಕಂಡಿತ್."

ಮೂವತ್ತರ ಒಳಗಿನವರು ಈ ಗಾಡಿಯನ್ನ ನೋಡಿರಲಿಕ್ಕಿಲ್ಲ. ಈಗಿನ ಫೋರ್ಸ್ ಮೋಟಾರ್ಸ್‌ಗೆ ಆಗ ಬಜಾಜ್ ಟೆಂಪೋ ಅಂತ ಹೆಸರು. ಅವರು ತಯಾರಿಸುತ್ತಿದ್ದ ವ್ಯಾನಿದು. ಮದುವೆ ದಿಬ್ಬಣಕ್ಕೆ, ಮೀನಿಗೆ, ಶಾಲೆ ಮಕ್ಕಳಿಗೆ, ಎಲ್ಲಕ್ಕೂ ಇದೇ. ನಮ್ಮದರಲ್ಲಿ ಇರೋದು ಮರ್ಸಿಡಿಸ್ ಲೈಸೆನ್ಸಿನಲ್ಲಿ ಮಾಡಿದ 2.4 ಲೀಟರಿನ ಡೀಸೆಲ್ ಎಂಜಿನ್. "ಬೆಂಜ್ ಗಾಡಿ" ಅಂತ ಅಪ್ಪಯ್ಯ ಹೇಳಿದ್ದು ಪೂರ್ತಿ ಸುಳ್ಳೇನಲ್ಲ!

1997ರಲ್ಲಿ ಅಪ್ಪಯ್ಯ ಇದನ್ನ ಸೆಕೆಂಡ್ ಹ್ಯಾಂಡ್ ತಂದಾಗ ಊರೇ ನಕ್ಕಿತ್ತು. ಮಾಷ್ಟ್ರಿಗೆ ಎಂತಕ್ಕೆ ವ್ಯಾನು? ಅವರು ಹಿಂದಿನ ಸೀಟು ಕಿತ್ತು ಹಲಸಿನ ಹಲಗೆಯ ಮಂಚ ಕೂರಿಸಿದರು. ಕೆಳಗೆ ಸೀಮೆಎಣ್ಣೆ ಸ್ಟೌ, ಅಕ್ಕಿ ಡಬ್ಬ, ನೀರಿನ ಕ್ಯಾನು. ಅಮ್ಮ ಹಳೇ ವಾಯಿಲ್ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದಳು. ಕ್ಯಾಂಪರ್ ವ್ಯಾನ್ ಅನ್ನೋ ಪದವೇ ನಮಗೆ ಗೊತ್ತಿರಲಿಲ್ಲ. ಅಕ್ಟೋಬರ್ ರಜೆ ಬಂದರೆ ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ. ತಿರುವು ತಿರುವಿಗೂ ಎಂಜಿನ್ ಕಾದು, ಪಕ್ಕದಲ್ಲಿ ಕೂತವರ ಮೊಣಕಾಲು ಸುಡುತ್ತಿತ್ತು. ಎಂಜಿನ್ ಆರಲಿ ಅಂತ ನಿಲ್ಲಿಸಿದ ಕಡೆ ಅಮ್ಮ ಸ್ಟೌ ಹಚ್ಚಿ ಚಾ ಮಾಡುತ್ತಿದ್ದಳು. ರಾತ್ರಿಗೆ ನಗರದ ಕೋಟೆ ಹತ್ತಿರ, ಮರುದಿನ ಜೋಗ. ಹೋಟೆಲ್ ರೂಮು ಅಂತ ನಾನು ಮೊದಲು ನೋಡಿದ್ದು ಕಾಲೇಜಿಗೆ ಬಂದ ಮೇಲೆ.

ಅಮ್ಮ ಹೋದ ವರ್ಷ ಗಾಡಿಯೂ ನಿಂತಿತು. ಯಾರೂ ನಿಲ್ಲಿಸು ಅಂದಿರಲಿಲ್ಲ.

ಕುಂದಾಪುರದಿಂದ ಮೆಕ್ಯಾನಿಕ್‌ನ ಕರೆಸಿದೆ. ಅವರು ಮೊದಲು ಸ್ಪಾನರ್ ಹಾಕಿ ಎಂಜಿನ್ ತಿರುಗಿಸಿ ನೋಡಿದರು. ತಿರುಗಿತು! ನನಗೆ ಖುಷಿಯೋ ಖುಷಿ. ಆಮೇಲೆ ಜೇಬಿಂದ ಆಯಸ್ಕಾಂತ ತೆಗೆದು ಬಾಗಿಲ ಮೇಲೆ ಎಳೆಯುತ್ತಾ ಹೋದರು. ಕೆಳಭಾಗದಲ್ಲಿ ಅದು ಅಂಟಲೇ ಇಲ್ಲ. ಪೇಂಟಿನ ಕೆಳಗೆ ತಗಡಿಲ್ಲ, ಬರೀ ಪುಟ್ಟಿ. ಚಕ್ರದ ಮೇಲಿನ ಕಮಾನು, ನೀರು ನಿಂತ ಫ್ಲೋರು, ಗಾಜಿನ ರಬ್ಬರಿನ ಅಡಿ, ಎಲ್ಲ ಕಡೆ ಇದೇ ಕಥೆ. ಕೊನೆಗೆ ಕೆಳಗೆ ಮಲಗಿ ಚಾಸಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು.

"ಇಲ್ಲ್ ಕಾಣಿ. ಎಂಜಿನ್ ಬದ್ಕತ್. ಬಾಡಿ ಹೋಯ್ತ್."

ಬಾಡಿ, ಟಿಂಕರಿಂಗ್, ಪೇಂಟು, ವೈರಿಂಗ್, ಬ್ರೇಕು, ಟಯರು ಸೇರಿ ನಾಲ್ಕು ಲಕ್ಷ ಅಂದರು. ಫ್ಲ್ಯಾಟಿನ ಅಡ್ವಾನ್ಸಿಗೆ ನಾನು ಕೂಡಿಟ್ಟಿದ್ದು ಅದರ ಎರಡು ಪಟ್ಟೂ ಇಲ್ಲ. ಕಾಗದಪತ್ರದ ತಲೆನೋವು ಬೇರೆ. ಆರ್‌ಸಿ ಅವಧಿ ಮುಗಿದಿದೆ. ಇಪ್ಪತ್ತು ವರ್ಷ ದಾಟಿದ ಲಘು ವಾಹನದ ನವೀಕರಣ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ, ಅದೂ ಐದು ವರ್ಷಕ್ಕೆ. ಚಾಸಿ ನಂಬರ್ ಓದೋ ಹಾಗಿರಬೇಕು. ನಮ್ಮದರಲ್ಲಿ ಎರಡು ಅಂಕೆ ತುಕ್ಕಲ್ಲಿ ಕರಗಿವೆ. ವಿಂಟೇಜ್ ಅಂತ ಮಾಡಿಸೋಣ ಅಂದ್ರೆ ಅದಕ್ಕೆ ಗಾಡಿಗೆ ಐವತ್ತು ವರ್ಷ ಆಗಿರಬೇಕು. ಇದು 1989ರದ್ದು. ಇನ್ಸ್ಟಾದಲ್ಲಿ ಮೂವತ್ತು ಸೆಕೆಂಡಲ್ಲಿ ತುಕ್ಕು ಹೋಗಿ ಹೊಳೆಯೋ ವ್ಯಾನುಗಳನ್ನ ನೋಡಿ ನಾನು ಕೆಟ್ಟಿದ್ದೆ, ಒಪ್ಪಿಕೊಳ್ತೀನಿ.

ಆದರೂ ಮಾಡಿಸೋಣ ಅಂತಲೇ ಮನಸ್ಸು. ಸಾಲ ಮಾಡಿಯಾದರೂ. ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯನ ಹತ್ರ ಹೇಳಿದೆ, "ಅಪ್ಪಯ್ಯ, ರಿಪೇರಿ ಮಾಡಿಸ್ತೆ."

ಅವರು ಗಂಜಿ ಉಣ್ಣುವುದನ್ನ ನಿಲ್ಲಿಸಲಿಲ್ಲ. "ಯಾರಿಗೆ?"

"ನಿಮಗೇ."

"ನಂಗೆ ಕ್ಲಚ್ ತುಳಿಯುಕೆ ಆತಿಲ್ಲ ಮಗಾ. ಗಂಟು ನೋವು. ನೀ ವರ್ಷಕ್ಕೆ ಎರಡ್ ಸಲ ಬಪ್ಪವ. ಮತ್ತೆ ಇಲ್ಲೇ ನಿಂತು ತುಕ್ಕು ಹಿಡಿತ್." ಸ್ವಲ್ಪ ಹೊತ್ತು ಬಿಟ್ಟು, "ಘಾಟಿಗೆ ಹೋಯ್ಕ್ ಅಂತ ನಂಗೂ ಇತ್ತ್. ಗಾಡಿ ಯಾವುದಾದ್ರೆ ಎಂತ?"

ಹನ್ನೊಂದು ವರ್ಷದಲ್ಲಿ ಅವರು ಎಲ್ಲಿಗಾದರೂ ಹೋಗಬೇಕು ಅಂದಿದ್ದು ಅದೇ ಮೊದಲು. ನಾನೂ ಕೇಳಿರಲಿಲ್ಲ.

ಮರುದಿನ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಫೋನ್ ಮಾಡಿದೆ. ರಸ್ತೆ ಬದಿಯ ಗುಜರಿಯವನು ಜಾಸ್ತಿ ದುಡ್ಡು ಕೊಡ್ತೀನಿ ಅಂದ, ಆದರೆ ಅವನ ಹತ್ರ ಸರ್ಟಿಫಿಕೇಟ್ ಸಿಗಲ್ಲ, ಗಾಡಿ ನಮ್ಮ ಹೆಸರಲ್ಲೇ ಉಳಿದುಬಿಡುತ್ತೆ. ಲಾರಿ ಬರೋದು ಮುಂದಿನ ಬುಧವಾರ. ಅದಕ್ಕೆ ಮುಂಚೆ, ಶನಿವಾರ, ಭಾವನ ಕಾರಲ್ಲಿ ಬಾಳೆಬರೆ ಹತ್ತೋದು ಅಂತ ಆಗಿದೆ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅಪ್ಪಯ್ಯ ಹಾವಿನ ಹೆದರಿಕೆಯೂ ಇಲ್ಲದೆ ವ್ಯಾನಿನೊಳಗೆ ಕೂತು, ಪರದೆಯ ದಾರ ಬಿಚ್ಚುತ್ತಿದ್ದರು. ಸ್ಟೌ ಆಗಲೇ ಬಾವಿಕಟ್ಟೆ ಮೇಲಿತ್ತು, ತೊಳೆದು ಬಿಸಿಲಿಗೆ ಇಟ್ಟಿದ್ದರು. ಸೀಮೆಎಣ್ಣೆ ಎಲ್ಲಿ ಸಿಗುತ್ತೆ ಅಂತ ತಂಗಿ ಬೆಳಿಗ್ಗೆಯಿಂದ ಊರೆಲ್ಲ ಫೋನ್ ಮಾಡ್ತಾ ಇದ್ದಾಳೆ.