ಮಗಳ ಬೆಟ್ಟದ ಸೈಕಲ್ಲು

ಸೈಕಲ್ಲಿನ ವಿಷಯದಲ್ಲಿ ನಾನು ಬಲ್ಲವನೆಂದು ಬಹುಕಾಲದಿಂದ ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ನಮ್ಮ ತಂದೆ ಮೈಸೂರಿನಲ್ಲಿ ಸ್ಕೂಲು ಮೇಷ್ಟರು; ಅವರ ಹತ್ತಿರ ಒಂದು ರ‍್ಯಾಲೆ ಸೈಕಲ್ಲಿತ್ತು. ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅದನ್ನು ಹಿತ್ತಿಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಚಕ್ರಗಳನ್ನು ಬಿಚ್ಚುತ್ತಿದ್ದರು. ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿಕೊಂಡು ಬೇರಿಂಗಿನ ಗುಂಡುಗಳನ್ನು ತೊಳೆದು ಎಣಿಸಿಡುವುದು ನನ್ನ ಪಾಲಿನ ಕೆಲಸ. ಹಿಂದಿನ ಚಕ್ರಕ್ಕೆ ಕಡೆಗೆ 9ರಂತೆ 18, ಮುಂದಿನದಕ್ಕೆ ಕಡೆಗೆ 10ರಂತೆ 20. ಒಂದು ಗುಂಡು ಉರುಳಿಹೋದರೂ ಅದು ಸಿಕ್ಕುವವರೆಗೆ ಊಟವಿಲ್ಲ. ತಂದೆಯವರ ಸೈಕಲ್ ಶಾಸ್ತ್ರವೆಲ್ಲ ಒಂದೇ ಸೂತ್ರದಲ್ಲಿ ಅಡಗಿತ್ತು: “ಎಲ್ಲಿ ಕಿರುಗುಟ್ಟುತ್ತೋ ಅಲ್ಲಿ ಎರಡು ತೊಟ್ಟು ಎಣ್ಣೆ ಬಿಡು.” ಐವತ್ತು ವರ್ಷ ಈ ಸೂತ್ರ ನನ್ನ ಕೈಬಿಟ್ಟಿರಲಿಲ್ಲ. ಈಚೆಗೆ ಅದೇ ನನ್ನ ಮಾನ ಕಳೆಯಿತು. ಕಳೆದದ್ದು ಮಾನ ಮಾತ್ರವೆಂಬುದು ನಮ್ಮ ಹಿರಿಯರ ಪುಣ್ಯ.

ನನ್ನ ಮಗಳಿಗೆ ಈಗ 26 ವರ್ಷ. ವಾರವೆಲ್ಲ ಲೆಕ್ಕಪತ್ರ ನೋಡುವ ಕೆಲಸ. ಶನಿವಾರ ಬಂತೆಂದರೆ ಮಡಿಕೇರಿಯ ಕಡೆ, ಗೆಳತಿಯ ಮನೆಯವರ ಕಾಫಿ ತೋಟಕ್ಕೆ ಓಟ. ಅಲ್ಲಿ ತೋಟದ ನಡುವೆ ಕೂಲಿಯವರು ಓಡಾಡುವ ಕಾಲುದಾರಿಗಳಲ್ಲಿ, ಮರದ ಬೇರುಗಳ ಮೇಲೆ, ಕಲ್ಲುಗಳ ಮೇಲೆ ಸೈಕಲ್ಲು ಇಳಿಸುವುದು ಇವಳ ವಿನೋದ. ಕಳೆದ ಮಳೆಗಾಲದಲ್ಲಿ ಒದ್ದೆ ಬೇರಿನ ಮೇಲೆ ಹಿಂದಿನ ಚಕ್ರ ಜಾರಿ ಬಿದ್ದು ಹೆಗಲ ಮುಂದಿನ ಮೂಳೆ ಮುರಿದುಕೊಂಡಳು. ಆರು ವಾರ ಕೈ ಜೋಲಿಯಲ್ಲಿ. ಆ ಆರು ವಾರವೂ ನಮ್ಮಾಕೆ ಅವಳಿಗೆ ತಲೆ ಬಾಚಿದಳು, ಹೆಣೆದ ಜಡೆಗೊಂದರಂತೆ ಬುದ್ಧಿವಾದ ಹೇಳಿದಳು. “ಸೈಕಲ್ ತುಳಿಯೋದಕ್ಕೆ ಬೆಟ್ಟಾನೇ ಬೇಕೆ? ಕುಕ್ಕರಹಳ್ಳಿ ಕೆರೆ ಏನು ಬತ್ತಿಹೋಗಿದೆಯೇ?”

ಮಗಳು ಎದುರಾಡಲಿಲ್ಲ. ಜೋಲಿ ಬಿಚ್ಚಿದ ಮೂರನೆಯ ದಿನ ನನ್ನ ಪಕ್ಕದಲ್ಲಿ ಬಂದು ಕುಳಿತು, “ಅಪ್ಪ, ತಪ್ಪು ನಂದಲ್ಲ ಅನ್ನೋಲ್ಲ. ಆದರೆ ಆ ಸೈಕಲ್ಲಿಗೆ ಮುಂದೆ ಮಾತ್ರ ಸ್ಪ್ರಿಂಗು. ಹಿಂದಿನ ಚಕ್ರ ಕಲ್ಲಿಗೆ ತಗುಲಿದರೆ ನೆಲ ಬಿಟ್ಟು ಎಗರುತ್ತೆ. ಎರಡು ಕಡೆಯೂ ಇರೋದನ್ನ ಕಟ್ಟಬೇಕು ಅಂತಿದೀನಿ. ದುಡ್ಡು ನಂದು. ನೀವು ಜೊತೆಗಿರಬೇಕು” ಎಂದಳು. ಹೆಂಡತಿಗೂ ಮಗಳಿಗೂ ನಡುವೆ ನಿಂತ ಗೃಹಸ್ಥನ ಪಾಡು ವಾಚಕರಿಗೆ ಗೊತ್ತೇ ಇದೆ. ಅವಳು ಹೇಗೂ ಹೋಗುವವಳೇ. ಹೋಗುವುದಾದರೆ ನಾನು ನೋಡಿ ಬಿಗಿದ ಸೈಕಲ್ಲಿನ ಮೇಲೆ ಹೋಗಲಿ, ಎಂದುಕೊಂಡು ಒಪ್ಪಿದೆ.

ಸೈಕಲ್ಲಿನ ಚರಿತ್ರೆಯಲ್ಲಿ ಇಂಥ ತಂದೆಯರು ಹಿಂದೆಯೂ ಇದ್ದರು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗ ಮೂರು ಚಕ್ರದ ಸೈಕಲ್ಲಿನ ಮೇಲೆ ಕುಲುಕಾಡುವುದನ್ನು ನೋಡಲಾರದೆ ಅದರ ಚಕ್ರಗಳಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಇಂದು ನಾವು ಟೈರು ಎನ್ನುವುದು ಹಾಗೆ ಬಳಕೆಗೆ ಬಂತು. ಬೆಟ್ಟದ ಸೈಕಲ್ಲು ಮಾತ್ರ ತಂದೆಯರ ಸೃಷ್ಟಿಯಲ್ಲ, ಪಡ್ಡೆ ಹುಡುಗರದು. ಅಮೆರಿಕದ ಕ್ಯಾಲಿಫೋರ್ನಿಯಾದ ಟಮಾಲ್‌ಪೈಸ್ ಬೆಟ್ಟದ ಸುತ್ತಮುತ್ತ 1970ರ ದಶಕದಲ್ಲಿ ಕೆಲವರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಬಿಡತೊಡಗಿದರು. ಅವುಗಳ ಬ್ರೇಕು ಇದ್ದದ್ದು ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಅದರಿಂದಲೇ ಅಲ್ಲಿನ ಒಂದು ಇಳಿಜಾರಿಗೆ ‘ಮತ್ತೆ ತುಂಬು’ ಎಂಬರ್ಥದ ರೀಪ್ಯಾಕ್ ಎಂಬ ಹೆಸರು ಬಂತು. 1976ರಲ್ಲಿ ಅಲ್ಲಿ ಪಂದ್ಯಗಳೂ ಮೊದಲಾದವು. ಮರುವರ್ಷ ಜೋ ಬ್ರೀಜ್ ಎಂಬಾತ ಆ ಇಳಿಜಾರಿಗೆಂದೇ ಹೊಸ ಫ್ರೇಮು ಕಟ್ಟಿದ. ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಫೋರ್ಕು ಮಾರುಕಟ್ಟೆಗೆ ಬಂದು ನೆಲೆಯಾದದ್ದು 1990ರ ಸುಮಾರಿಗೆ; ಹಿಂದಿನ ಚಕ್ರದ ಸರದಿ ಆಮೇಲೆ. ಇದನ್ನೆಲ್ಲ ಓದಿಕೊಂಡು ನಾನು ಪಂಡಿತನೇ ಆದೆ.

ಮೊದಲ ಜಗಳ ಎದ್ದದ್ದು ಸ್ಪ್ರಿಂಗು ಎಷ್ಟು ಉದ್ದ ಕುಗ್ಗಬೇಕೆಂಬ ವಿಷಯದಲ್ಲಿ. ಚಕ್ರ ಮೇಲಕ್ಕೂ ಕೆಳಕ್ಕೂ ಚಲಿಸುವ ಈ ದೂರವನ್ನು ಟ್ರಾವೆಲ್ ಎನ್ನುತ್ತಾರೆ. 100 ಮಿಲಿಮೀಟರಿನಿಂದ ಮೊದಲುಗೊಂಡು, ಬೆಟ್ಟದ ನೆತ್ತಿಯಿಂದ ಇಳಿಯುವುದಕ್ಕೆಂದೇ ಮಾಡಿದವುಗಳಲ್ಲಿ 200ರವರೆಗೂ ಇರುತ್ತದೆ. ನನ್ನ ತರ್ಕ ಸರಳ: ಹೆಚ್ಚು ಸ್ಪ್ರಿಂಗು, ಹೆಚ್ಚು ಕ್ಷೇಮ. ಅಂಗಡಿಯ ಹುಡುಗನೂ 160ರದನ್ನು ತೋರಿಸಿ ನನ್ನ ಪಕ್ಷ ವಹಿಸಿದ. ಮಗಳು ತಲೆಯಾಡಿಸಿದಳು. “ಇಳಿಯೋದಕ್ಕೆ ಮುಂಚೆ ಹತ್ತಬೇಕಲ್ಲ, ಅಪ್ಪ! ಸ್ಪ್ರಿಂಗು ಜಾಸ್ತಿಯಾದಷ್ಟೂ ತೂಕ ಜಾಸ್ತಿ. ಅದೂ ಅಲ್ಲದೆ, ಅಷ್ಟು ದೊಡ್ಡದು ಕೈಲಿದ್ದರೆ ನಾನು ಅದಕ್ಕೆ ತಕ್ಕ ಬಂಡೆ ಹುಡುಕಿಕೊಂಡು ಹೋಗ್ತೀನಿ.” ಕೊನೆಯ ಮಾತು ನನ್ನ ಬಾಯಿ ಮುಚ್ಚಿಸಿತು. ಹಿಂದೆ 120, ಮುಂದೆ 130, ಚಕ್ರ 29 ಇಂಚಿನದು ಎಂದು ತೀರ್ಮಾನವಾಯಿತು. ಅವಳು ನಿಜವಾಗಿ ತುಳಿಯುವ ದಾರಿಗೆ ಅಷ್ಟು ಸಾಕು.

ಫ್ರೇಮು ಬೆಂಗಳೂರಿನಿಂದ ಬಂತು. ಹಿಂದಿನ ಶಾಕ್ ಅಬ್ಸಾರ್ಬರ್ ಅದರ ಜೊತೆಗೇ ಇತ್ತು. ಫೋರ್ಕು ಒಂದು ಕಡೆಯಿಂದ, ಬ್ರೇಕು ಇನ್ನೊಂದು ಕಡೆಯಿಂದ. ಚಕ್ರಗಳನ್ನು ಮಾತ್ರ ಸ್ವಲ್ಪ ಉಳಿತಾಯವಾಗಲೆಂದು ಯಾರೋ ಬಳಸಿದ್ದನ್ನು ನಾನೇ ಚೌಕಾಸಿ ಮಾಡಿ ಕೊಂಡೆ. ತಂದು ಹೊಂದಿಸಿ ನೋಡಿದರೆ ಹಿಂದಿನ ಚಕ್ರ ಫ್ರೇಮಿನ ಕವಲಿನಲ್ಲಿ ಲೊಡಲೊಡ ಅಲ್ಲಾಡುತ್ತದೆ! ಫ್ರೇಮಿಗೆ ಬೇಕಾದ ಅಗಲ 148 ಮಿಲಿಮೀಟರು. ಚಕ್ರದ ಹಬ್ಬು 142. ಮಾರಿದವನು ವಾಪಸು ತೆಗೆದುಕೊಳ್ಳಲೊಲ್ಲ. ನಮ್ಮ ಕಾಲದಲ್ಲಿ ಯಾವ ಸೈಕಲ್ಲಿನ ಚಕ್ರವನ್ನಾದರೂ ಯಾವ ಸೈಕಲ್ಲಿಗಾದರೂ ಹಾಕಿ, ಎರಡು ವಾಷರ್ ಸೇರಿಸಿ ಬಿಗಿದು ಹೋಗುತ್ತಿದ್ದೆವು. ಈಗ ಹಾಗಲ್ಲ, ಪ್ರತಿಯೊಂದು ಭಾಗಕ್ಕೂ ಕುಲಗೋತ್ರಗಳುಂಟು. ಚಕ್ರಕ್ಕೂ ಫ್ರೇಮಿಗೂ ಕೂಡಿದರೆ, ಚಕ್ರಕ್ಕೂ ಅದರ 12 ಹಲ್ಲುಚಕ್ರಗಳ ಗೊಂಚಲಿಗೂ ಕೂಡುವುದಿಲ್ಲ. ನಾನೂ ಮಗಳೂ ನಡುಮನೆಯಲ್ಲಿ ಕಾಗದ ಹರಡಿಕೊಂಡು ಅಳತೆ ಹೊಂದಿಸುತ್ತಿದ್ದಾಗ, ಮಗಳ ಜಾತಕ ಕೈಯಲ್ಲಿ ಹಿಡಿದಿದ್ದ ನಮ್ಮಾಕೆ ಬಾಗಿಲಲ್ಲಿ ನಿಂತು, “ಕಬ್ಬಿಣಕ್ಕೆ ಇಷ್ಟು ಸಾಲಾವಳಿ ನೋಡ್ತೀರಿ, ಇದರಲ್ಲಿ ಅರ್ಧ ಈ ಕಡೆ ನೋಡಿದ್ದರೆ ನನ್ನ ಚಿಂತೆ ತೀರ‍್ತಿತ್ತು” ಎಂದಳು. ಅದು ಕಬ್ಬಿಣವಲ್ಲ, ಅಲ್ಯೂಮಿನಿಯಂ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಬೇರೆ ಚಕ್ರ ತರಿಸಿದ್ದಾಯಿತು. ನಾಲ್ಕು ಭಾನುವಾರ ಹಿಡಿದು ಕಟ್ಟಿದೆವು. ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿಯುವಂತಿಲ್ಲ. ಎಷ್ಟು ಬಲ ಬಿತ್ತೆಂದು ತೋರಿಸುವ ಟಾರ್ಕ್ ರೆಂಚ್ ಎಂಬ ಸಾಧನವಿದೆ. ಹ್ಯಾಂಡಲ್ಲನ್ನು ಹಿಡಿದುಕೊಳ್ಳುವ ನಾಲ್ಕು ಸಣ್ಣ ಬೋಲ್ಟುಗಳಿಗೆ 5 ನ್ಯೂಟನ್ ಮೀಟರ್. ಅಷ್ಟು ಬಿಗಿದೊಡನೆ ಅದು ಟಿಕ್ ಎನ್ನುತ್ತದೆ. ಇಷ್ಟು ಸಣ್ಣ ಬೋಲ್ಟುಗಳ ಮೇಲೆ ಮಗಳ ಹಲ್ಲು, ಮೂಗು, ತಲೆ ಎಲ್ಲವೂ ನಿಂತಿದೆಯಲ್ಲ ಎಂದು ನಾನು ಪ್ರತಿಯೊಂದನ್ನೂ ಮೂರು ಸಲ ಟಿಕ್ ಎನಿಸಿದೆ.

ಕೊನೆಯಲ್ಲಿ ಶಾಕಿಗೆ ಗಾಳಿ. ಈಗಿನ ಸ್ಪ್ರಿಂಗು ತಂತಿಯ ಸುರುಳಿಯಲ್ಲ. ಕೊಳವೆಯೊಳಗೆ ಒತ್ತಿಟ್ಟ ಗಾಳಿ. ಹೊಳೆಯುವ ಅದರ ದಂಡಕ್ಕೆ ಒಂದು ರಬ್ಬರ್ ಉಂಗುರವಿರುತ್ತದೆ. ಶಾಕು ಕುಗ್ಗಿದಾಗ ಉಂಗುರ ಸರಿಯುತ್ತದೆ. ಹಿಗ್ಗಿದಾಗ ಅಲ್ಲಿಯೇ ನಿಲ್ಲುತ್ತದೆ. ಎಷ್ಟು ಆಳ ಕುಗ್ಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಸವಾರ ಸುಮ್ಮನೆ ಕುಳಿತಾಗಲೇ ಶಾಕು ತನ್ನ ಓಟದ ನೂರಕ್ಕೆ 30ರಷ್ಟು ತಗ್ಗಬೇಕಂತೆ. ನಮ್ಮದರ ಓಟ 45 ಮಿಲಿಮೀಟರು, ಎಂದರೆ ಹದಿಮೂರೂವರೆ. ಮಗಳು ಗೋಡೆ ಹಿಡಿದು ಕುಳಿತಳು, ನಾನು ಅಳೆದೆ, 9. ಗಟ್ಟಿಯಾಗಿಯೇ ಇರಲಿ, ಒಳ್ಳೆಯದಲ್ಲವೇ ಎಂದೆ. “ಇಲ್ಲಪ್ಪ. ಈಗಲೇ ಸ್ವಲ್ಪ ತಗ್ಗಿರದಿದ್ದರೆ, ಹಳ್ಳ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯೋದು ಹೇಗೆ?” ಎಂದಳು. ಗಾಳಿ ಬಿಟ್ಟೆವು. 13ಕ್ಕೆ ಬಂತು. ಕಲ್ಲಿನ ಏಟು ತಪ್ಪಿಸುವುದಷ್ಟೇ ಸ್ಪ್ರಿಂಗಿನ ಕೆಲಸವೆಂದುಕೊಂಡಿದ್ದೆ. ಚಕ್ರವನ್ನು ನೆಲ ಬಿಡದಂತೆ ಒತ್ತಿ ಹಿಡಿಯುವುದೂ ಅದರದೇ ಕೆಲಸ. ಬ್ರೇಕು ಹಿಡಿಯುವುದೂ ತಿರುವಿನಲ್ಲಿ ಜಾರದಿರುವುದೂ ಅದರ ಮೇಲೆ ನಿಂತಿದೆ.

ಮರುದಿನ ಬೆಳಗಿನ ಜಾವ ಐದಕ್ಕೆ ಅವಳು ಹೊರಡಬೇಕು. ರಾತ್ರಿ ಹತ್ತು ಗಂಟೆಗೆ, ಎಲ್ಲರೂ ಮಲಗಿದ ಮೇಲೆ, ಕೊನೆಯ ಸಲ ನೋಡೋಣವೆಂದು ನಾನು ಚಕ್ರ ತಿರುಗಿಸಿದೆ. ಬ್ರೇಕಿನ ಉಕ್ಕಿನ ಬಿಲ್ಲೆ ಎಲ್ಲಿಯೋ ತಗುಲಿ ಕಿರ್ರೆಂದಿತು. ನನ್ನ ಕೈ ತಾನಾಗಿ ಚೈನಿನ ಎಣ್ಣೆಯ ಸೀಸೆಗೆ ಹೋಯಿತು. ಮುಂದಿನ ಬಿಲ್ಲೆಗೆ ಎರಡು ತೊಟ್ಟು. ಪಕ್ಷಪಾತ ಬೇಡವೆಂದು ಹಿಂದಿನದಕ್ಕೂ ಎರಡು. ಸದ್ದು ನಿಂತಿತು. ಎಷ್ಟು ಸಂತೋಷವಾಯಿತೆಂದರೆ, ಗೇಟು ತೆಗೆದು, ನಾನೇ ಹತ್ತಿ, ನಮ್ಮ ಬೀದಿಯ ಇಳಿಜಾರಿನಲ್ಲಿ ಬಿಟ್ಟೆ. ಮೂಲೆಯಲ್ಲಿ ಬ್ರೇಕು ಹಿಡಿದೆ. ಬ್ರೇಕಿನ ಹಿಡಿ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು; ಸೈಕಲ್ಲು ನಿಲ್ಲಲಿಲ್ಲ. ಮೂಲೆಮನೆಯವರು ಮಹಡಿ ಕಟ್ಟಿಸಲು ಸುರಿಸಿದ್ದ ಮರಳಿನ ರಾಶಿ ನನ್ನನ್ನು ಬರಮಾಡಿಕೊಂಡಿತು.

ಆಗ ನೆನಪಾಯಿತು. ಆ ಬಿಲ್ಲೆಯನ್ನು ಬೆರಳಿನಿಂದಲೂ ಮುಟ್ಟಬಾರದೆಂದು ಮಗಳು ಮೊದಲ ಭಾನುವಾರವೇ ಹೇಳಿದ್ದಳು. ಕೈಯ ಜಿಡ್ಡೇ ಆಗದು ಎಂದ ಮೇಲೆ ಎಣ್ಣೆಯ ಮಾತೇನು! ಮನೆಗೆ ತಂದು, ಹಳೆಯ ಪಂಚೆಯ ತುಂಡಿನಿಂದ ಉಜ್ಜಿದೆ. ಅಂಗಳದಲ್ಲಿ ತಳ್ಳಿ ಹಿಡಿದೆ; ನಿಂತಿತು. ಮತ್ತೆ ತಳ್ಳಿದೆ, ನಿಂತಿತು. ಸರಿಹೋಯಿತು, ಹೇಳಬೇಕಾದ್ದೇನಿಲ್ಲ, ಎಂದು ಹೋಗಿ ಮಲಗಿದೆ.

ಮಲಗಿದೆನೇ ಹೊರತು ನಿದ್ದೆ ಬರಲಿಲ್ಲ. ಅಂಗಳದಲ್ಲಿ ನಿಂತದ್ದು ನಡಿಗೆಯ ವೇಗದಲ್ಲಿ, ಮೇಲೆ ಯಾರೂ ಇಲ್ಲದಾಗ. ಅಲ್ಲಿ ಇಳಿಜಾರು, ಕೆಳಗೆ ತೊರೆ. ಅವಳು ಎಲ್ಲವನ್ನೂ ತಾನೇ ಪರೀಕ್ಷಿಸುವವಳು, ನಿಜ. ಆದರೆ ಈ ಸಲ ನಡುಮನೆಯಲ್ಲಿ ಎಲ್ಲರೆದುರಿಗೆ, “ಅಪ್ಪ ನೋಡಿದಾರೆ ಬಿಡಮ್ಮ” ಎಂದು ತಾಯಿಯ ಬಾಯಿ ಮುಚ್ಚಿಸಿದ್ದಳು. ಆ ಮಾತು ರಾತ್ರಿಯೆಲ್ಲ ಕಿವಿಯಲ್ಲಿ ಕೂತಿತ್ತು. ಹೇಳಿದರೆ ಇಷ್ಟು ದಿನದ ಪಾಂಡಿತ್ಯ ಹೋಯಿತು. ಜೊತೆಗೆ, ಮುದುಕನ ಕೈಗೆ ಇದನ್ನೆಲ್ಲ ಕೊಡಬಾರದಿತ್ತೆಂದು ಅವಳ ಮನಸ್ಸಿಗೆ ಬಂದುಬಿಟ್ಟರೆ? ಬರಲಿ, ಎಂದು ನಾಲ್ಕಕ್ಕೇ ಎದ್ದು ಹೋಗಿ ಅವಳ ಬಾಗಿಲು ತಟ್ಟಿದೆ.

ಅವಳು ಬೈಯಲಿಲ್ಲ. ನಗಲೂ ಇಲ್ಲ, ನಕ್ಕಿದ್ದರೆ ವಾಸಿಯಿತ್ತು. ಚಕ್ರ ಬಿಚ್ಚಿ, ಬ್ರೇಕಿನ ಪ್ಯಾಡುಗಳನ್ನು ಹೊರಕ್ಕೆಳೆದು ಮೂಸಿ, “ಎಣ್ಣೆ ಹೀರಿಕೊಂಡಿವೆ ಅಪ್ಪ. ಇವು ಇನ್ನು ಪ್ರಯೋಜನವಿಲ್ಲ” ಎಂದಳು. ಗೆಳತಿಗೆ ಫೋನು ಮಾಡಿ, ಈ ವಾರ ಬರುವುದಿಲ್ಲ, ಬ್ರೇಕು ಇನ್ನೂ ಸಿದ್ಧವಾಗಿಲ್ಲ ಎಂದಳು. ಏಕೆಂದು ಹೇಳಲಿಲ್ಲ. ಆಮೇಲೆ ನನಗೆ ಕಾಫಿ ತಂದುಕೊಟ್ಟಳು. ನಮ್ಮಾಕೆ ಎದ್ದು ಬಂದಾಗ ನಾವಿಬ್ಬರೂ ಪಂಚಾಂಗ ನೋಡುವವರಂತೆ ಸುಮ್ಮನೆ ಕುಳಿತಿದ್ದೆವು.

ಹೊಸ ಪ್ಯಾಡು ಬಂದವು. ಬಿಲ್ಲೆಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆವು. ಪ್ಯಾಡು ಬಿಲ್ಲೆಗೆ ಪಳಗಲೆಂದು ಅವಳು ಬೀದಿಯಲ್ಲಿ ಇಪ್ಪತ್ತು ಸಲ ರಭಸವಾಗಿ ಹೋಗಿ ಇಪ್ಪತ್ತು ಸಲ ಬ್ರೇಕು ಹಿಡಿದಳು. ಮೂಲೆಮನೆಯವರು, “ಮಗಳಿಗೆ ಸೈಕಲ್ ಕಲಿಸ್ತಿದೀರಾ?” ಎಂದು ಕೇಳಿದರು. ಹೌದೆಂದೆ.

ಮುಂದಿನ ಭಾನುವಾರ ನಾನೂ ಜೊತೆಗೆ ಹೋದೆ. ತೋಟದ ಮೇಲಿನ ಗೇಟಿನ ಬಳಿ ನಿಂತು ನೋಡಿದೆ. ಚಕ್ರಗಳು ಬೇರುಗಳ ಮೇಲೆ ಹಾರ್ಮೋನಿಯಂ ಕಟ್ಟೆಗಳಂತೆ ಮೇಲೆ ಕೆಳಗೆ ಆಡುತ್ತಿದ್ದವು. ಅವಳ ತಲೆ ಮಾತ್ರ ಕೊಡ ಹೊತ್ತವಳ ತಲೆಯಂತೆ ಒಂದೇ ಮಟ್ಟದಲ್ಲಿ ಸಾಗುತ್ತಿತ್ತು. ಸಿಲ್ವರ್ ಮರಗಳ ನಡುವೆ ಎರಡು ತಿರುವು ಕಂಡಳು, ಆಮೇಲೆ ಕಾಣಲಿಲ್ಲ. ಅರ್ಧ ಗಂಟೆಯ ಮೇಲೆ ಕೆಸರು ಮೆತ್ತಿಕೊಂಡು ತಳ್ಳುತ್ತ ಹತ್ತಿ ಬಂದಳು. “ಹೇಗಿತ್ತಮ್ಮ?” ಎಂದೆ. “ಸುಮ್ಮನೆ ನಿಧಾನವಾಗಿ ಬಂದೆ ಅಪ್ಪ. ಚೆನ್ನಾಗಿದೆ” ಎಂದಳು.

ಸಂಜೆ ಮನೆಯಲ್ಲಿ ಸೈಕಲ್ಲು ತೊಳೆಯುತ್ತ ಶಾಕಿನ ಮೇಲಿನ ಕೆಸರು ಒರೆಸಿದೆ. ರಬ್ಬರ್ ಉಂಗುರ ದಂಡದ ತುದಿಯ ಹತ್ತಿರ ನಿಂತಿತ್ತು. ಸ್ಕೇಲು ತಂದು ಅಳೆದೆ: 43. ಇದ್ದ 45ರಲ್ಲಿ ಎರಡೇ ಮಿಲಿಮೀಟರು ಉಳಿದಿತ್ತು. ನಿಧಾನವಾಗಿ ಬಂದವರ ಉಂಗುರ ಅಲ್ಲಿಗೆ ಹೋಗುವುದಿಲ್ಲ. ಎಲ್ಲಿಯೋ ಒಂದು ಬಂಡೆಯಿಂದ ಸೈಕಲ್ಲನ್ನು ಹಾರಿಸಿಯೇ ಇದ್ದಾಳೆ.

ನಮ್ಮಾಕೆ ಹಿಂದೆ ಬಂದು ನಿಂತಳು. “ಏನದು, ಅಷ್ಟು ನೋಡ್ತಿದೀರಿ?”

“ಏನಿಲ್ಲ, ಕೆಸರು” ಎಂದು, ಹೆಬ್ಬೆರಳಿನಿಂದ ಉಂಗುರವನ್ನು ಮೆಲ್ಲಗೆ ಅದರ ಜಾಗಕ್ಕೆ ಸರಿಸಿದೆ.